ರಾಹುಕಾಲ ಮುಗಿಯುವವರೆಗೆ

ಗಂಗಾಲಕ್ಷ್ಮಿ ಮಗಳಿಗೆ ಒಂದು ಜಡೆ ಹಾಕಿ ಮುಗಿಸಿದ್ದಳು. ಇನ್ನೊಂದಕ್ಕೆ ಕೂದಲು ಬಿಡಿಸುತ್ತಿದ್ದಾಗ ಗೇಟು ಸದ್ದಾಯಿತು. "ಎಮ್ಮೆಲ್ಲೆ ಸಾರ್ ಅವ್ರೇನಮ್ಮಾ?" ಎನ್ನುತ್ತ ಪಕ್ಕದ ಹಳ್ಳಿಯ ಹಿರಿಯ ಚನ್ನರಾಯಪ್ಪ ನಾಲ್ಕೈದು ಜನರೊಡನೆ ಜಗಲಿಗೆ ಬಂದೇಬಿಟ್ಟರು. ಬಾಚಣಿಗೆಯನ್ನು ಮಗಳ ಕೂದಲಲ್ಲೇ ಸಿಕ್ಕಿಸಿ ಅವಳು ಕಾಫಿಗೆ ಎದ್ದಳು. ಗಂಡ ವೇಣುಗೋಪಾಲ್ ಶಾಸಕನಾದ ಮೇಲೆ ಹುತ್ತೂರಿನ ಆ ಮನೆಯಲ್ಲಿ ಯಾವ ಕೆಲಸವೂ ಒಂದೇ ಸಲಕ್ಕೆ ಮುಗಿದದ್ದಿಲ್ಲ.

ಅಂದು ಅವನು ಬೇಗ ಹೊರಡಲೇಬೇಕಿತ್ತು. ಬೆಂಗಳೂರಿನಲ್ಲಿ ಅಧಿವೇಶನ. ಹುತ್ತೂರಿನಿಂದ ಬೆಳಿಗ್ಗೆ ಕೋಲಾರಕ್ಕೆ ಹೋಗುತ್ತಿದ್ದ ಬಸ್ಸು ಯಾಕೆ ನಿಂತಿತೆಂಬ ಅವನ ಪ್ರಶ್ನೆ ಅಂದಿನ ಪ್ರಶ್ನೋತ್ತರಕ್ಕೆ ಬಂದಿತ್ತು. ಅವನೇ ಎದ್ದು ಕೇಳಬೇಕು. ಅವನಿಲ್ಲದಿದ್ದರೆ ಉತ್ತರದ ಪ್ರತಿಯನ್ನು ಮೇಜಿನ ಮೇಲಿಟ್ಟು ಮುಂದೆ ಹೋಗಿಬಿಡುತ್ತಾರೆ, ಮಂತ್ರಿಯನ್ನು ಹಿಡಿದು ಕೇಳುವವರಿಲ್ಲ. ಬಸ್ಸು ನಿಂತಮೇಲೆ ಮಗಳು ರಂಜಿತಳ ಗೆಳತಿ ಆದಿಲಕ್ಷ್ಮಿ ಸ್ಕೂಲು ಬಿಟ್ಟು ಹಿಪ್ಪುನೇರಳೆ ಸೊಪ್ಪು ಕೀಳುತ್ತಿದ್ದಳು. ಅದನ್ನು ಅಪ್ಪನ ಕಿವಿಗೆ ಹಾಕಿದವಳು ರಂಜಿತಳೇ.

"ಕುಡಿಯೋ ನೀರಿನ ಬೋರ್‌ವೆಲ್‌ಗೆ ಗಾಡಿ ಬಂದು ನಿಂತದೆ ಸಾರ್," ಎಂದರು ಚನ್ನರಾಯಪ್ಪ. "ನೀವು ಬಂದು ಕಾಯಿ ಒಡೀದೆ ಶುರು ಮಾಡಲ್ಲ ಅಂತ ಊರೋರೆಲ್ಲ ಕೂತವ್ರೆ."

"ಈಗ್ಲೇ ನಡೀರಿ. ಒಡೆದು ಹಂಗೇ ಹೋಗ್ತೀನಿ."

"ಈಗ್ಲೇ ಹೆಂಗೆ ಸಾರ್? ಸೋಮವಾರ. ರಾಹುಕಾಲ ಮುಗೀಲಿ."

ವೇಣುಗೋಪಾಲ್ ಕೂತ, ಮತ್ತೆ ಎದ್ದ. ಗೋಡೆ ಗಡಿಯಾರ ನೋಡಿದವನು ಕೈಗಡಿಯಾರವನ್ನೂ ನೋಡಿಕೊಂಡ. ಹೊರಗೆ ಡ್ರೈವರ್ ಕದಿರೇಶ್ ಕಾರನ್ನು ಸ್ಟಾರ್ಟ್ ಮಾಡುವುದು, ಆಫ್ ಮಾಡುವುದು.

"ಅಸೆಂಬ್ಲಿ ಇದೆ ಚನ್ನರಾಯಪ್ಪನೋರೇ. ಕೆ.ಆರ್. ಪುರದ ಟ್ರಾಫಿಕ್ ನಿಮಗೆ ಗೊತ್ತಲ್ಲ."

"ಹೋದ ಸಲ ಗೆದ್ದೋರೂ ಅಸೆಂಬ್ಲಿ ಅಸೆಂಬ್ಲಿ ಅಂತಿದ್ರು. ಈಗ ಮನೇಲಿ ಆರಾಮಾಗವ್ರೆ."

ಎಲ್ಲರೂ ನಕ್ಕರು. ವೇಣುಗೋಪಾಲನೂ ನಕ್ಕ, ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಹಾಕಿಕೊಂಡ.

ಗಂಗಾಲಕ್ಷ್ಮಿ ಮತ್ತೆ ಬಾಚಣಿಗೆ ಹಿಡಿದಳು. ಗಂಡ ಆಗಲ್ಲ ಅಂದರೆ ಸಂಜೆಯೊಳಗೆ ಅಷ್ಟೂ ಟೀ ಅಂಗಡಿಗಳಲ್ಲಿ ಅದೇ ಮಾತು. ಎಮ್ಮೆಲ್ಲೆಗೆ ತಲೆ ತಿರುಗಿದೆ ಅಂತ. ಹೂಂ ಅಂದರೆ, ಮಡಿಲ ಮುಂದೆ ಕೂತ ಈ ಹುಡುಗಿಗೆ ಏನು ಹೇಳುವುದು? ರಂಜಿತ ಕೂತಲ್ಲಿ ಕೂರುತ್ತಿರಲಿಲ್ಲ, ಎಳೆದಷ್ಟೂ ಕೂದಲು ಕೈಯಿಂದ ಜಾರುತ್ತಿತ್ತು.

"ಅಮ್ಮ, ನಾನೊಂದು ಕೇಳ್ಲಾ?"

"ದೊಡ್ಡೋರು ಮಾತಾಡ್ತಾವ್ರೆ. ಸುಮ್ನಿರು ಕಣೇ." ಅವಳು ಮಗಳ ಹೆಗಲನ್ನು ಮೆಲ್ಲಗೆ ಅದುಮಿ ಹಿಡಿದಳು.

"ಆಯ್ತು ಬಿಡಿ," ಎಂದ ವೇಣುಗೋಪಾಲ್. ಹಾಕಿಕೊಂಡಿದ್ದ ಚಪ್ಪಲಿಯನ್ನು ಮತ್ತೆ ಬಿಟ್ಟ. "ರಾಹುಕಾಲ ಮುಗಿಸ್ಕೊಂಡೇ ಬರ್ತೀನಿ."

ಹೊರಗೆ ಕಾರು ಆಫ್ ಆಯಿತು. ಗಂಗಾಲಕ್ಷ್ಮಿ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಮಗಳ ಹೆಗಲಿನಿಂದ ಕೈ ತೆಗೆದಳು.

ರಂಜಿತ ಎದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು, ಅದರೊಳಗೆ ಬಾಚಣಿಗೆ. ಹಾಗೆಯೇ ಹೋಗಿ ಚನ್ನರಾಯಪ್ಪನವರ ಮುಂದೆ ನಿಂತಳು.

"ತಾತ, ಕಾಯಿ ನೀವೇ ಒಡೆದ್ರೆ ನೀರು ಬರಲ್ವಾ?"