ದೊಡ್ಡಮ್ಮನ ಹಳೇ ಡಬ್ಬಿಗಳು

ಅಂಗಡಿಗೆ ಹೋದರೆ ನನ್ನ ದೊಡ್ಡಮ್ಮ ಮೊದಲು ಮುಚ್ಚಳ ತಿರುಗಿಸಿ ನೋಡುತ್ತಿದ್ದಳು. ಒಳಗೇನಿದೆಯೆಂಬುದು ಆಮೇಲಿನ ಮಾತು. ಡಬ್ಬಿ ಗಟ್ಟಿಯಾಗಿದ್ದರೆ ಬಿಸ್ಕತ್ತೂ ರುಚಿಯಾಗಿರುತ್ತದೆಂದೇ ಅವಳ ಸಿದ್ಧಾಂತ. ಅಯ್ಯೋ, ಅವಳ ಜತೆ ಅಂಗಡಿಗೆ ಹೋಗುವುದೆಂದರೆ! ಹೋಗುವಾಗ ನಮ್ಮನ್ನು ಓಡಿಸುತ್ತಿದ್ದ ಆ ಗಿಡ್ಡ ಹೆಂಗಸು, ಗಾಜಿನ ಬಾಟಲಿ ಕೈಗೆ ಬಂತೆಂದರೆ ಚೀಲವನ್ನು ಎದೆಗವಚಿಕೊಂಡು, ಹಸುಗೂಸನ್ನು ಹೊತ್ತ ಬಾಣಂತಿಯಂತೆ, ಮೆಟ್ಟಿಲು ಮೆಟ್ಟಿಲಿಗೂ ನಿಂತು ಮನೆ ಸೇರುತ್ತಿದ್ದಳು.

ಅವಳ ಮನೆಯಲ್ಲೇ ಬೆಳೆದ ನನಗೆ ಆ ಅಡುಗೆಮನೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಯ ದಾರದಲ್ಲಿ ತೊಳೆದ ಹಾಲಿನ ಕವರುಗಳು ಪರಮ ಗಾಂಭೀರ್ಯದಿಂದ ಒಣಗುತ್ತಿದ್ದವು. ಕಟ್ಟೆಯ ಮೇಲೆ ಜಾಮಿನ ಬಾಟಲಿ, ಐಸ್‌ಕ್ರೀಮಿನ ಡಬ್ಬಿ, ಎಣ್ಣೆಯ ಕ್ಯಾನು ಸಾಲಾಗಿ ಬೋರಲು ಮಲಗಿರುತ್ತಿದ್ದವು.

"ನಾನು ಹೋದ್ಮೇಲೆ ನನ್ನನ್ನೂ ತೊಳೆದು ಬೋರಲು ಹಾಕ್ತಾಳೆ, ನೋಡ್ತಿರು," ಎಂದು ದೊಡ್ಡಪ್ಪ ಗೊಣಗಿದರೆ, "ನಿಮ್ಮ ಬಾಯಿಗೆ ಹೊಂದೋ ಮುಚ್ಚಳ ಎಲ್ಲಿಂದ ತರ್ಲಿ?" ಎಂದು ಅವಳು ಮಾತನ್ನು ನೆಲಕ್ಕೆ ಬೀಳಗೊಡುತ್ತಿರಲಿಲ್ಲ. ಎಷ್ಟು ನಗುತ್ತಿದ್ದೆವು ಆಗ!

ವಯಸ್ಸಾದಂತೆ ಅವಳ ಕಣ್ಣು ಮಂಜಾಗುತ್ತ ಬಂದದ್ದು ನಮಗಾರಿಗೂ ತಿಳಿಯಲಿಲ್ಲ. ಹೇಗೆ ತಿಳಿಯಬೇಕು? ಅಡುಗೆಯ ಹದ ಒಂದು ದಿನವೂ ತಪ್ಪಿರಲಿಲ್ಲ. ಅವಳ ಸೊಸೆ ಒಳ್ಳೆಯವಳು; ಅತ್ತೆ ಬದುಕಿಡೀ ಹಳೇ ಡಬ್ಬಿಗಳಲ್ಲೇ ಕಳೆದರಲ್ಲ ಎಂದು ಮರುಗಿ, ಒಂದೇ ಅಳತೆಯ, ಒಂದೇ ಮುಚ್ಚಳದ ಹೊಚ್ಚಹೊಸ ಡಬ್ಬಿಗಳನ್ನು ತಂದು ತುಂಬಿಸಿ, ಹಳೆಯವನ್ನೆಲ್ಲ ಮೂಟೆ ಕಟ್ಟಿ ಗುಜರಿ ಅಂಗಡಿಗೆ ಹಾಕಿದಳು. ಮರುದಿನ ಎಲ್ಲರ ಚಹಾದಲ್ಲೂ ಉಪ್ಪು. ಅದಕ್ಕೂ ನಕ್ಕೆವು. ಮಧ್ಯಾಹ್ನ ನೋಡಿದರೆ ದೊಡ್ಡಮ್ಮ ಒಲೆಯ ಮುಂದೆ ಒಂದೊಂದೇ ಮುಚ್ಚಳ ತೆಗೆದು ಮೂಸುತ್ತಿದ್ದಳು, ಬೆರಳಿಗೆ ಹಚ್ಚಿ ನೆಕ್ಕಿ ನೋಡುತ್ತಿದ್ದಳು.

"ಅತ್ತೆ, ಕಣ್ಣು ಕಾಣಲ್ವಾ ನಿಮಗೆ?" ಸೊಸೆ ಕೇಳಿದಳು.

"ಕಾಣದೆ ಏನು!" ಎಂದು ರೇಗಿದವಳು, ತುಸು ಹೊತ್ತಿಗೆ ದನಿ ತಗ್ಗಿಸಿದಳು. "ಸೊಂಟ ಇರೋ ಬಾಟ್ಲಿ ಸಕ್ಕರೆ, ಚೌಕದ್ದು ಉಪ್ಪು, ತಗ್ಗು ಬಿದ್ದಿದ್ದು ಬೇಳೆ. ಇವೆಲ್ಲ ಒಂದೇ ಥರ ಇದ್ರೆ ಕೈಗೆ ಹೇಗಮ್ಮಾ ಗೊತ್ತಾಗ್ಬೇಕು? ಕಾಣಲ್ಲ ಅಂತ ಹೇಳಿದ್ರೆ ಒಲೆ ಹತ್ರ ಬಿಡ್ತಿದ್ರಾ ನನ್ನ?"

ಸೊಸೆ ಗುಜರಿ ಅಂಗಡಿಗೆ ಓಡಿ, ಜಜ್ಜಿಹೋಗದೆ ಉಳಿದಿದ್ದವನ್ನು ಹೆಕ್ಕಿ ತಂದಳು. ದೊಡ್ಡಮ್ಮ ಒಂದೊಂದನ್ನೇ ಸವರಿ ಗುರುತು ಹಿಡಿದು, ಕೂತಲ್ಲೇ ಅತ್ತುಬಿಟ್ಟಳು. ಕಣ್ಣಿನ ಡಾಕ್ಟರಿಂದ ಹೆಚ್ಚೇನೂ ಆಗಲಿಲ್ಲ. ಆದರೂ ಕೈಲಾಗುವವರೆಗೆ ಆ ಮನೆಯ ಅಡುಗೆ ಅವಳದೇ ಆಗಿತ್ತು.

ಏನನ್ನೂ ಬಿಸಾಡಲಾರದ ಜನರನ್ನು ನಾವು ಜಿಪುಣರೆನ್ನುತ್ತೇವೆ, ಎಂಜಲು ಕೈಯಲ್ಲಿ ಕಾಗೆ ಓಡಿಸದವರೆನ್ನುತ್ತೇವೆ. ಹೊಸದನ್ನು ತಂದಿಟ್ಟು ಉಪಕಾರ ಮಾಡಿದೆವೆಂದು ನಾವು ಬೀಗುತ್ತಿರುವಾಗ, ಅವರು ತಮ್ಮದೇ ಮನೆಯಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯದೆ ನಿಂತಿರುತ್ತಾರೆ. ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಅನ್ನುತ್ತಾರೆ.