ಒಬ್ಬರು ಕೂಡುವಷ್ಟು ಜಾಗ

ಹಾರೆ ಮತ್ತೆ ಠಣ್ ಎಂದಿತು. ಕುಣಿಯೊಳಗಿದ್ದ ಇಬ್ಬರೂ ಕೈ ನಿಲ್ಲಿಸಿ, ಬೆವರು ಒರೆಸಿಕೊಂಡು ಮೇಲೆ ನೋಡಿದರು. ಮೊಣಕಾಲುದ್ದ ಮಣ್ಣು ತೆಗೆದದ್ದಾಗಿತ್ತು, ಕೆಳಗೆ ಬರೀ ಕಲ್ಲು. ಎಡಕ್ಕೆ ಸರಿದು ತೋಡಿದರೆ ಅಲ್ಲಿಯೂ ಕಲ್ಲೇ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಗುರುಲಿಂಗವ್ವನ ಸಮಾಧಿ ಇತ್ತು. ನಾಲ್ಕು ವರ್ಷದ ಹಿಂದೆ ಅವಳ ಕುಣಿ ತೋಡಿದವರೂ ಇವರೇ. ಆವತ್ತು ಎದೆಮಟ್ಟ ಹೋದರೂ ಒಂದು ಹರಳು ಸಿಕ್ಕಿರಲಿಲ್ಲ ಎಂದು ತಮ್ಮತಮ್ಮೊಳಗೆ ಮಾತಾಡಿಕೊಂಡರು.

"ಜಾಗಾ ಬದ್ಲಿ ಮಾಡೂಣು, ಸುನಂದಾ," ಎಂದ ಸೋಮಲಿಂಗ. ಸತ್ತ ಹೊಳಬಸಪ್ಪನ ಬೆನ್ನಿಗೆ ಬಿದ್ದ ತಮ್ಮ. "ಹೊತ್ತು ಮುಳುಗೂದ್ರಾಗ ಅಣ್ಣನ್ನ ಕುಣಿಯಾಗ ಕೂಡಿಸಬೇಕು."

"ಇಲ್ಲೇ ಆಗಬೇಕು ಕಾಕಾ. ಅವ್ವನ ಮಗ್ಗಲಕ್ಕ."

ಅಪ್ಪನನ್ನು ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಭಜನೆಯವರ ನಡುವೆ ಬಿಟ್ಟು ಬಂದಿದ್ದಳು. ಒಬ್ಬಳೇ ಮಗಳು, ಅವಳನ್ನು ಬಿಟ್ಟರೆ ಹೇಳುವವರು ಯಾರು? ಗಂಡನ ಮನೆ ಇಳಕಲ್ಲಿನಲ್ಲಿ, ಕಲ್ಲಿನ ಖಣಿಗಳ ಊರು. ಅಲ್ಲಿಂದ ಕಲ್ಲು ಒಡೆಯುವ ಬ್ರೇಕರ್ ಮಷೀನು ಕಳಿಸಲು ಗಂಡನಿಗೆ ಫೋನು ಮಾಡಿಯೇಬಿಟ್ಟಳು.

ಅವಳ ಹಟಕ್ಕೆ ಕಾರಣವಿತ್ತು. ಹೊಳಬಸಪ್ಪ ಸರ್ವೇ ತಂಡದಲ್ಲಿ ಸುತ್ತಿಗೆ ಹೊಡೆಯುವವನು. ಆಣೆಕಟ್ಟಾಗಲಿ ಸೇತುವೆಯಾಗಲಿ, ಕಟ್ಟುವ ಮೊದಲು ಇವರ ಜೀಪು ಹೋಗಬೇಕು. ನೆಲದ ಮೇಲೆ ಉದ್ದಕ್ಕೆ ವೈರು ಎಳೆದು, ಸಪ್ಪಳ ಹಿಡಿಯುವ ಸಣ್ಣ ಡಬ್ಬಿಗಳನ್ನು ಸಾಲಾಗಿ ನೆಲಕ್ಕೆ ಚುಚ್ಚುತ್ತಿದ್ದರು. ಒಂದು ತುದಿಗೆ ದಪ್ಪ ಕಬ್ಬಿಣದ ಹಲಗೆ, ಅದರ ಮೇಲೆ ಇವನ ಸುತ್ತಿಗೆ. ಹೊಡೆತ ನೆಲದೊಳಗೆ ಹಾಯ್ದು ಯಾವ ಡಬ್ಬಿಯನ್ನು ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಅಳೆದು, ಕೆಳಗಿನ ಕಲ್ಲು ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂಬ ಚಿತ್ರವನ್ನು ಸಾಹೇಬರು ತೆಗೆಯುತ್ತಿದ್ದರು. ಮೂವತ್ತೆಂಟು ವರ್ಷ ಹೊಳಬಸಪ್ಪ ನಾಡಿನ ನೆಲವನ್ನೆಲ್ಲ ಬಡಿದ. ಮನೆಯ ನೆಲದ ಮೇಲೆ ಮಾತ್ರ ಕೂತದ್ದು ಕಡಿಮೆ.

ವರ್ಷದಲ್ಲಿ ಎಂಟು ತಿಂಗಳು ಟೆಂಟು. ಮಗಳು ಹುಟ್ಟಿದಾಗ ಅವನಿರಲಿಲ್ಲ. ಅವಳ ಲಗ್ನಕ್ಕೆ ಅಕ್ಕಿಕಾಳು ಬೀಳುವ ಹೊತ್ತಿಗೆ ಓಡಿಬಂದಿದ್ದ, ಅದೂ ಕೆಂಪು ಧೂಳು ಹತ್ತಿದ ಅಂಗಿಯಲ್ಲಿ. ಗುರುಲಿಂಗವ್ವ ಕಣ್ಣು ಮುಚ್ಚುವಾಗಲೂ ಇರಲಿಲ್ಲ. ಮರುದಿನ ಬಂದಿಳಿದವನು ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ, ಸೀದಾ ಹೊಲಕ್ಕೆ ಹೋಗಿ, ಇಲ್ಲೇ ತೋಡ್ರಿ ಎಂದು ಕಾಲಿನಿಂದ ಗೀಟು ಎಳೆದಿದ್ದ. ಎಂಥಾ ಕಲ್ಲು ಮನಸ್ಸಿನವನಪ್ಪಾ ಎಂದು ಸುನಂದಾ ಆವತ್ತು ಅತ್ತದ್ದು ಅವ್ವನಿಗಾಗಿ ಅರ್ಧ, ಅಪ್ಪನ ಮೇಲಿನ ಸಿಟ್ಟಿಗೆ ಅರ್ಧ. ಬದುಕಿದ್ದಾಗಂತೂ ಕೂಡಿ ಇರಲಿಲ್ಲ, ಈಗಲಾದರೂ ಇಬ್ಬರೂ ಒಂದು ಕಡೆ ಕೂಡಲಿ ಎಂಬುದೊಂದೇ ಅವಳ ಆಸೆ.

*

ಎಂಟು ದಿನದ ಹಿಂದೆ, ಬಾಗಲಕೋಟೆಯ ದವಾಖಾನೆಯಲ್ಲಿ, ಹೊಳಬಸಪ್ಪ ಮಗಳನ್ನು ಹತ್ತಿರ ಕರೆದಿದ್ದ. ಉಳಿದವರು ಚಹಾಕ್ಕೆ ಹೋಗಿದ್ದರು.

"ನನ್ನ ಹೊಳಿ ಬದಿಗೆ ಕೂಡಿಸ್ರಿ," ಎಂದ.

"ಅವ್ವನ ಕಡೆ ಬ್ಯಾಡೇನು?"

"ಬ್ಯಾಡ."

ಯಾಕೆಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆತು ಎಂದು ತಲೆ ಅಲ್ಲಾಡಿಸಿದಳು. ಸಾಯುವಾಗಲೂ ಅವ್ವನಿಂದ ದೂರವೇ ಇರಬೇಕೇನು ಈ ಮನುಷ್ಯನಿಗೆ ಎಂದು ಒಳಗೇ ಸಿಟ್ಟಾದಳು. ನೀ ಹೇಳಿದ್ದನ್ನು ನಾ ನಡೆಸಂಗಿಲ್ಲ ಎಂದು ಆಗಲೇ ನಿಶ್ಚಯ ಮಾಡಿದಳು. ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

*

ಮೂರು ಗಂಟೆಯ ಸುಮಾರಿಗೆ ಬ್ರೇಕರ್ ಬಂತು. ಅದರ ಹಿಂದೆಯೇ, ಬದಾಮಿ ಬಸ್ಸಿಗೆ ಬಂದು, ಮನೆಯಲ್ಲಿ ಗೆಳೆಯನಿಗೆ ಮಾಲೆ ಹಾಕಿ, ಹಣಮೇಶ ಹೊಲಕ್ಕೆ ನಡೆದುಬಂದ. ಸರ್ವೇ ತಂಡದಲ್ಲಿ ಡಬ್ಬಿ ಚುಚ್ಚುತ್ತಿದ್ದವನು, ಹೊಳಬಸಪ್ಪನ ಟೆಂಟಿನ ಜೋಡಿ. ಕುಣಿ ನೋಡಿದ, ಮಷೀನು ನೋಡಿದ. ಮುಖ ಸಣ್ಣದಾಯಿತು.

"ಇಲ್ಲಿ ತೋಡಾಕ ಯಾರು ಹೇಳಿದ್ರು?"

"ನಾನ ಹೇಳೇನಿ, ಮಾಮಾ," ಎಂದಳು ಸುನಂದಾ.

"ಹೊಳಬಸಣ್ಣ ನಿನಗ ಹೊಳಿ ಬದಿ ಅಂತ ಹೇಳಿರಬೇಕಲ್ಲ ತಂಗಿ?"

ಸೋಮಲಿಂಗ ಅವಳ ಕಡೆ ತಿರುಗಿ ನೋಡಿದ. ಹಣಮೇಶ ಅಲ್ಲೇ ಬದುವಿನ ಮೇಲೆ ಕುಕ್ಕರಿಸಿದ. ಟವೆಲ್ಲು ಬಾಯಿಗೆ ಒತ್ತಿಕೊಂಡು, ತಡೆತಡೆದು ಹೇಳಿದ.

*

ಗುರುಲಿಂಗವ್ವನಿಗೆ ಆರು ತಿಂಗಳೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ಹೊಳಬಸಪ್ಪನಿಗೆ ಮಾತ್ರ. ಅದಾದ ಮೇಲೆ ಒಂದು ದಿನ ತಂಡದ ಜೀಪು ಕಮತಗಿ ಹಾದಿಯಲ್ಲಿತ್ತು. ಊಟದ ಹೊತ್ತಿನಲ್ಲಿ ನಮ್ಮ ಹೊಲದಾಗ ಒಂದ ಲೈನ್ ಹಾಕೂಣ್ರಿ ಎಂದು ಅವನು ಸಾಹೇಬರ ಕೈಕಾಲು ಹಿಡಿದ. ಕೊಳವೆಬಾವಿಗಿರಬೇಕು ಎಂದುಕೊಂಡು ಸಾಹೇಬರು ಹೂಂ ಎಂದರು.

ಗುರುಲಿಂಗವ್ವ ಎಲ್ಲರಿಗೂ ರೊಟ್ಟಿ, ಬದನೆಕಾಯಿ ಎಣಗಾಯಿ ಕಟ್ಟಿಕೊಂಡು ಬಂದಳು. ಅಷ್ಟು ವರ್ಷದಲ್ಲಿ ಗಂಡ ಕೆಲಸ ಮಾಡುವುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಬದುವಿನ ಮೇಲೆ ಸೆರಗು ಹೊದ್ದು ಕೂತು, ಜಾತ್ರೆ ನೋಡಿದಂತೆ ನೋಡಿದಳು. ಅವನು ಹೊಡೆದ. ಆವತ್ತು ಹೊಡೆದಂತೆ ಯಾವತ್ತೂ ಹೊಡೆದಿರಲಿಲ್ಲ ಎಂದ ಹಣಮೇಶ. ಕಣ್ಣಿಂದ ನೀರಿಳಿಯುತ್ತಿತ್ತು, ಬೆವರೆಂದು ತೋಳಿನಿಂದ ಒರೆಸಿಕೊಳ್ಳುತ್ತಿದ್ದ.

"ನೀರು ಐತೇನ್ರಿ ಕೆಳಗ?" ಎಂದು ಅವಳು ನಗುತ್ತಾ ಕೇಳಿದಳು.

"ಐತಿ," ಎಂದ.

ಸಾಹೇಬರ ಚಿತ್ರದಲ್ಲಿ ಹೊಲದ ತುಂಬ ಕಲ್ಲು ಮೇಲಕ್ಕೇ ಇತ್ತು. ಆಳದ ಮಣ್ಣು ಎರಡೇ ಕಡೆ. ಒಂದು ಹೊಳೆ ಬದಿಗೆ, ಅಲ್ಲಿ ಮಲಪ್ರಭೆ ಏರಿದಾಗಲೆಲ್ಲ ನೀರು ನಿಲ್ಲುತ್ತದೆ. ಇನ್ನೊಂದು ಇಲ್ಲಿ, ಈಗ ಗುರುಲಿಂಗವ್ವ ಇರುವ ಒಣ ನೆಲದಲ್ಲಿ, ಕಲ್ಲು ಸೀಳಿದ ಒಂದು ಸಂದು. ಒಬ್ಬರು ಕೂಡುವಷ್ಟು.

*

"ಜೀಪಿನ್ಯಾಗ ನನಗ ಹೇಳಿದ," ಎಂದ ಹಣಮೇಶ. "ಅಕಿಗೆ ಥಂಡಿ ತಡಿಯಂಗಿಲ್ಲೋ ಹಣಮೇಶಾ, ಬೆಚ್ಚಗಿನ ಜಾಗಾ ಅಕಿಗಿರಲಿ, ನಾ ನೀರಾಗ ಇರತೇನಿ ಅಂದ. ಮಗಳಿಗಿ ಹೇಳೋ ಅಂದ್ರ, ಅವರವ್ವ ಜೀವಂತ ಇದ್ದಾಗ ಅಕಿ ಕುಣಿ ಅಳದೇನಿ ಅಂತ ಯಾವ ಬಾಯ್ಲೆ ಹೇಳಲಿ ಅಂದ."

ಬ್ರೇಕರ್ ಡ್ರೈವರ್ ಕೆಳಗಿಳಿದು ಬಂದು, ಚಾಲೂ ಮಾಡಲೇನ್ರಿ ಎಂದು ಕೇಳಿದ.

"ಇದನ್ನ ಹಚ್ಚಿದ್ರ ಅದುರೆಲ್ಲಾ ನಿಮ್ಮವ್ವನ ಕಡೇನ ಹೋಗತದ ತಂಗಿ," ಎಂದ ಹಣಮೇಶ. "ಮಣ್ಣಾಗ ಸಪ್ಪಳ ನಡಿತದ, ಕಲ್ಲಾಗ ಓಡತದ. ಅಂವಗ ಅದು ಗೊತ್ತಿತ್ತು."

ಸುನಂದಾ ಸೋಮಲಿಂಗನ ಕೈ ಹಿಡಿದುಕೊಂಡಳು. "ಅಪ್ಪ ನನಗ ಹೇಳಿದ್ದ ಕಾಕಾ. ಹೊಳಿ ಬದಿಗೆ ಅಂತ ಬಾಯಿ ಬಿಟ್ಟು ಹೇಳಿದ್ದ. ನಾ ಮುಚ್ಚಿಟ್ಟೆ. ಸಿಟ್ಟಿತ್ತು ನನಗ."

ಸೋಮಲಿಂಗ ಬೈಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ಮಷೀನು ಹೊಳ್ಳಿಸಿಕೊಂಡು ಹೋಗಪಾ ಎಂದು ಡ್ರೈವರನಿಗೆ ಹೇಳಿದ. ತೋಡಿದ್ದನ್ನು ಮುಚ್ಚಿ, ಎಲ್ಲರೂ ಗುದ್ದಲಿ, ಪುಟ್ಟಿ ಎತ್ತಿಕೊಂಡು ಹೊಳೆ ಬದಿಗೆ ನಡೆದರು. ಅಲ್ಲಿ ತಾಸಿನೊಳಗೆ ಕುಣಿ ಆಯಿತು. ಎದೆಮಟ್ಟಕ್ಕೆ ಹೋಗುವಷ್ಟರಲ್ಲಿ ಮಣ್ಣು ಹಸಿಯಾಗಿ ಸಲಿಕೆಗೆ ಅಂಟತೊಡಗಿತು. ಅದನ್ನು ನೋಡಿ ಸುನಂದಾ ಬಾಯಿಗೆ ಸೆರಗು ತುರುಕಿಕೊಂಡಳು.

ಹೊತ್ತು ಇಳಿಯುವಾಗ ಅಪ್ಪನನ್ನು ತಂದು ಕೂಡಿಸಿದರು. ಅಯ್ಯನವರು ಅವನ ಅಂಗೈಯಲ್ಲಿ ಲಿಂಗವಿಟ್ಟರು. ಸುತ್ತಿಗೆಯ ಹಿಡಿಕೆಗೆ ಗಟ್ಟಿಯಾದ ಆ ಬೆರಳುಗಳನ್ನು ಮಡಚಲಿಕ್ಕೆ ಬಹಳ ಹೊತ್ತು ಹಿಡಿಯಿತು. ಸುನಂದಾ ಬಿಲ್ವಪತ್ರೆ ಹಾಕಿದಳು, ಮೊದಲ ಹಿಡಿ ಮಣ್ಣು ಹಾಕಿದಳು. ತಪ್ಪಾತು ಯಪ್ಪಾ ಎಂದದ್ದು ಪಕ್ಕದವರಿಗೂ ಕೇಳಿಸಲಿಲ್ಲ.

ಆಮೇಲೆ ಅಲ್ಲಿ ನಿಲ್ಲಲಾರದೆ, ಚಪ್ಪಲಿ ಅಲ್ಲೇ ಬಿಟ್ಟು, ಹೊಲ ದಾಟಿ ಅವ್ವನ ಸಮಾಧಿಗೆ ನಡೆದಳು. ಮೊಣಕಾಲೂರಿ ಕೂತು ಬಲಗೈಯನ್ನು ನೆಲಕ್ಕೆ ಒತ್ತಿದಳು. ಅತ್ತ ಹೊಳೆ ಬದಿಯಲ್ಲಿ ಗಂಡಸರು ಪುಟ್ಟಿಯ ಮೇಲೆ ಪುಟ್ಟಿ ಮಣ್ಣು ಸುರಿಯುತ್ತಿದ್ದದ್ದು ಕಾಣುತ್ತಿತ್ತು. ಒಂದು ಪುಟ್ಟಿ ಬಿತ್ತು. ಅಂಗೈಗೆ ಯಾವ ಅದುರೂ ಬರಲಿಲ್ಲ. ಇನ್ನೊಂದು ಬಿತ್ತು. ಅವಳು ಎಡಗೈಯನ್ನೂ ಒತ್ತಿದಳು.