ಕೆಂಡದ ಮಂಚದ ಪಥ್ಯ

ಬಾಣಂತಿಗೆಂದು ಅಕ್ಕಿ ತೊಳೆಯುವುದರಲ್ಲಿ ನಮ್ಮ ಪೆಂಗಕ್ಕನನ್ನು ಮೀರಿಸುವವರಿಲ್ಲ. ಗಿರಣಿಯಲ್ಲಿ ಎರಡೆರಡು ಸಲ ಪಾಲಿಶ್ ಮಾಡಿಸಿದ ಅಂಟಕ್ಕಿ. ಹುಡುಕಿದರೂ ತೌಡಿನ ಚೂರು ಸಿಗದು. ಸಂಜೆಯೇ ನೆನೆಹಾಕಿ, ಬೆಳಗ್ಗೆ ಆ ನೀರು ಬಸಿದು, ಮತ್ತೆ ಉಜ್ಜಿ ಉಜ್ಜಿ ತೊಳೆದು, ನೀರು ತಿಳಿಯಾದ ಮೇಲೆಯೇ ಬಿದಿರ ಬುಟ್ಟಿಗೆ ತುಂಬಿ ಹಬೆಗೆ ಇಡುತ್ತಾಳೆ. ಅಕ್ಕಚ್ಚು, ತೌಡು ಎಲ್ಲ ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ಕಟ್ಟಿದ ಹಂದಿಗೆ. ಆ ಹಂದಿಯೋ ಏಣಿಯ ಸಂದಿಯಲ್ಲಿ ತೂರಲಾರದಷ್ಟು ಕೊಬ್ಬಿತ್ತು.

ಆ ಬೆಳ್ಳನೆಯ ಅನ್ನವೆಲ್ಲ ಮಗಳು ಮಾಲಿವನ್‌ಗೆ. ನಮ್ಮ ಲಾವೋಸಿನ ಹಳ್ಳಿಗಳಲ್ಲಿ ಮದುವೆಯಾದ ಗಂಡೇ ಹೆಣ್ಣಿನ ಮನೆಗೆ ಬಂದು ನೆಲೆಸುವುದು. ಹಾಗಾಗಿ ಬಾಣಂತಿಯನ್ನು ಕಾಡಲು ಅತ್ತೆ ಇರುವುದಿಲ್ಲ. ಹೆತ್ತ ತಾಯಿಯೇ ಇರುತ್ತಾಳೆ.

ಹೇಳಿಬಿಡುತ್ತೇನೆ, ಪೆಂಗಕ್ಕ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅವಳನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಅವಳು ನನ್ನ ಚಿಕ್ಕಪ್ಪನ ಮಗಳು, ನನ್ನದು ಎದುರು ಮನೆ. ನಾನು ರಸ್ತೆ ಬದಿಯಲ್ಲಿ ಮೀನು ಸುಟ್ಟು ಮಾರುವವಳು. ಮಾಲಿವನ್ ಹೆತ್ತ ದಿನದಿಂದ ಅಕ್ಕ ಸರಿಯಾಗಿ ಮಲಗಿದ್ದನ್ನು ನಾನು ಕಂಡಿಲ್ಲ. ಬಿದಿರ ಮಂಚದ ಕೆಳಗೆ ಕೆಂಡ ಆರದಂತೆ ಕಾಯುವುದು, ತೊಗಟೆಯ ಕಷಾಯ ಕುದಿಸಿ ಲೋಟ ಲೋಟ ಕುಡಿಸುವುದು, ಬೆವರು ಒರೆಸುವುದು. ಊಟಕ್ಕೆ ಮಾತ್ರ ಆ ಅನ್ನ, ಹುರಿದ ಉಪ್ಪು, ಒಂದು ತುಂಡು ಶುಂಠಿ. ಮೀನು ನಂಜು, ಮೊಟ್ಟೆ ನಂಜು, ಸೊಪ್ಪು ನಂಜು, ಕಾಳು ನಂಜು, ಹಂದಿಮಾಂಸವಂತೂ ವಿಷ. ಪಥ್ಯ ತಪ್ಪಿದರೆ ಬಾಣಂತಿಗೆ ಬುದ್ಧಿಭ್ರಮಣೆ, ಮಗುವಿಗೆ ಸಾವು. ಇದು ಅಕ್ಕ ಹುಟ್ಟಿಸಿದ ಮಾತಲ್ಲ, ಅವಳ ಅಜ್ಜಿಯ ಅಜ್ಜಿಯ ಕಾಲದ್ದು.

ಮಾಲಿವನ್‌ಗೆ ಇದು ಮೂರನೆಯದು, ಹೆಣ್ಣುಕೂಸು. ಮೊದಲಿನ ಎರಡು ಗಂಡು, ಎರಡೂ ಮೂರನೆಯ ತಿಂಗಳಲ್ಲಿ ಹೋದವು. ಹುಟ್ಟುವ ಮೊದಲು ಕೂಸನ್ನು ಸಾಕಿದ ಪ್ರೇತತಾಯಿಯೊಬ್ಬಳು ಇರುತ್ತಾಳೆ, ಅವಳೇ ವಾಪಸ್ ಕರೆದುಕೊಂಡಳು ಎಂದರು. ಅದಕ್ಕೇ ಈ ಸಲ ಕೂಸಿನ ಮುಖಕ್ಕೆ ಮಸಿ ಬಳಿದು 'ಕಪ್ಪೆ' ಎಂದು ಕರೆಯುತ್ತಿದ್ದರು. ಕುರೂಪಿಯಾದರೆ ಅವಳಿಗೆ ಆಸೆ ಹುಟ್ಟುವುದಿಲ್ಲವಂತೆ.

ಮೊದಲ ವಾರಗಳಲ್ಲಿ ಎದೆ ತುಂಬಾ ಹಾಲಿತ್ತು. ಆಮೇಲೆ ಕಡಿಮೆಯಾಯಿತು. ಕಡಿಮೆಯಾದರೆ ಪಥ್ಯ ಸಾಲದು ಎಂದು ಅಕ್ಕ ಶುಂಠಿಯನ್ನೂ ನಿಲ್ಲಿಸಿದಳು. ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ ಮಾಲಿವನ್ ಅನ್ನದ ಉಂಡೆ ಹಿಡಿದು ಮೂಗರಳಿಸಿ ಕೂತಿದ್ದಳು.

"ಚಿಕ್ಕಮ್ಮ, ಇವತ್ತು ಯಾವ ಮೀನು ಸುಟ್ಟೆ?"

"ಬಾಳೆ ಎಲೇಲಿ ಕಟ್ಟಿ ಸುಟ್ಟಿದ್ದು. ನಿಂಬೆಹುಲ್ಲು ಹಾಕಿದ್ದೆ."

"ಇನ್ನೊಂದ್ಸಲ ಹೇಳು. ಕೇಳ್ಕೊಂಡೇ ಉಂಡ್ಬಿಡ್ತೀನಿ."

ಒಂದು ತುಂಡು ತರಲೇ ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ. ಅವಳು ಹೆದರಿ ಕೂಸನ್ನು ಅಪ್ಪಿಕೊಂಡು ತಲೆಯಾಡಿಸಿದಳು.

ಆಸ್ಪತ್ರೆಯ ನರ್ಸ್ ವಿಲಾಯ್ ಹಳ್ಳಿ ಸುತ್ತುತ್ತಾ ಬಂದದ್ದು ಆ ವಾರವೇ. ಮಾಲಿವನ್‌ನ ಪಾದವನ್ನು ಹುಲ್ಲುಕಡ್ಡಿಯಿಂದ ಗೀರಿ, "ಗೊತ್ತಾಗುತ್ತಾ?" ಎಂದಳು. ಮಾಲಿವನ್, "ಏನು ಮಾಡಿದ್ರಿ?" ಎಂದು ಕೇಳಿದಳು. ನರ್ಸ್ ಮುಖ ಸಪ್ಪೆಯಾಯಿತು.

"ಪೆಂಗಮ್ಮ, ಬೆಂಕಿ ಇರಲಿ, ಕಷಾಯ ಇರಲಿ, ನಾನು ಬೇಡ ಅನ್ನಲ್ಲ. ಆದ್ರೆ ಮೊಟ್ಟೆ, ಮೀನು, ಕಾಳು, ಹಂದಿಮಾಂಸ ಕೊಡಿ. ತೌಡಲ್ಲಿರೋ ಸತ್ತ್ವ ಎಲ್ಲ ಹಂದಿಗೆ ಹೋಗ್ತಿದೆ. ಇವಳ ಮೈಯಲ್ಲಿಲ್ಲದ್ದು ಹಾಲಲ್ಲಿ ಎಲ್ಲಿಂದ ಬರಬೇಕು? ಈ ಹಾಲು ಕುಡಿದ ಕೂಸಿನ ಗುಂಡಿಗೆ ಸೋತುಹೋಗುತ್ತೆ."

"ನಿಂಗೆಷ್ಟು ಮಕ್ಕಳು, ಮಗಳೇ?"

"ಇನ್ನೂ ಮದುವೆ ಆಗಿಲ್ಲ."

"ನಾನು ಎಂಟು ಹೆತ್ತೋಳು. ಎಂಟಕ್ಕೂ ಇದೇ ಮಂಚ, ಇದೇ ಅನ್ನ. ಸೂಜಿ ಚುಚ್ಚೋದು ಕಲಿಸ್ಕೊಟ್ಟರು ಅಂತ ಬಾಣಂತನ ಕಲಿಸೋಕೆ ಬರ್ಬೇಡ."

"ಎಂಟರಲ್ಲಿ ಉಳಿದದ್ದೆಷ್ಟು, ಅಕ್ಕ?" ನನ್ನ ಬಾಯಿ ಸುಮ್ಮನಿರಲಿಲ್ಲ.

"ನಾಲ್ಕು. ಇನ್ನು ನಾಲ್ಕು ಆ ಪ್ರೇತತಾಯಿ ಪಾಲಿನವು." ಅಕ್ಕ ಕೆಂಡ ಕೆದಕಿದಳು. "ನೀನು ಮೀನು ಮಾರೋಳು, ಮೀನು ತಿನ್ನು ಅನ್ನದೆ ಇನ್ನೇನಂತೀಯ."

ಮಾಲಿವನ್‌ನ ಗಂಡ ಸೀಹೋಮ್ ಮೂಲೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ಮನೆಅಳಿಯ, ಬಾಯಿದ್ದೂ ಮೂಗ. ನರ್ಸ್ ಅವನತ್ತ ನೋಡಿದರೆ ಅವನು ಬಲೆಯತ್ತ ನೋಡಿದ.

ಕೆಲವು ದಿನ ಕಳೆದವು. ಒಂದು ಬೆಳಗ್ಗೆ ಅಕ್ಕ ಏಣಿಯ ಮೇಲಿಂದ ಖುಷಿಯಾಗಿ ಕೂಗಿದಳು: "ಕೇವಿ, ನಮ್ಮ ಕಪ್ಪೆ ನೆನ್ನೆಯಿಂದ ಅತ್ತೇ ಇಲ್ಲ ಕಣೇ. ಪಥ್ಯ ಹಿಡೀತು."

ನಾನು ದಡದಡನೆ ಹತ್ತಿ ಹೋದೆ. ಕೂಸು ಅಳುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಮುಷ್ಟಿ ಬಿಗಿದಿತ್ತು, ಮುಖ ಕಿವುಚಿಕೊಂಡಿತ್ತು, ಆದರೆ ದನಿ ಇರಲಿಲ್ಲ. ನಾನು ನನ್ನ ಆಯುಸ್ಸಿನಲ್ಲಿ ಅಷ್ಟು ಹೆದರಿದ್ದಿಲ್ಲ. ಸೆರಗಿನಿಂದ ಮಸಿ ಒರೆಸಿ ನೋಡಿದರೆ ತುಟಿ ನೀಲಿಯಾಗಿತ್ತು.

ಅಕ್ಕನಿಗೂ ಆಗ ಕಂಡಿತು. "ಸೀಹೋಮ್, ಓಡು, ಮಂತ್ರದವರನ್ನ ಕರ್ಕೊಂಡ್ಬಾ, ಕೈಗೆ ದಾರ ಕಟ್ಟಿಸ್ಬೇಕು," ಎಂದಳು. ಅವನು ಎದ್ದ.

"ಹೋಗ್ಬೇಡ," ಎಂದಳು ಮಾಲಿವನ್.

ಅವಳು ಮಂಚದಿಂದ ಇಳಿದು ನಿಂತಿದ್ದಳು. ಹಿರಿಯರು ನೀರು ಚಿಮುಕಿಸಿ ಕೆಂಡ ಆರಿಸುವ ತನಕ ನಮ್ಮಲ್ಲಿ ಬಾಣಂತಿ ಇಳಿಯುವಂತಿಲ್ಲ. ಇಳಿದವಳನ್ನು ನಾನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

"ಅಮ್ಮ, ನೀನು ಹೇಳ್ದ ಹಾಗೆ ಉಂಡೆ. ಎರಡನ್ನ ಹೂಳಿದೆ. ಇದನ್ನ ಕೊಡಲ್ಲ, ಆ ಪ್ರೇತತಾಯಿಗೂ ಕೊಡಲ್ಲ, ನಿಂಗೂ ಕೊಡಲ್ಲ."

"ಬೆಂಕಿ ಬಿಟ್ಟು ಇಳಿದ್ರೆ ಸಾಯ್ತೀಯ."

"ಸಾಯ್ತೀನಿ ಬಿಡು."

ಪಾದದಲ್ಲಿ ಸ್ಪರ್ಶವಿರಲಿಲ್ಲ. ಏಣಿಯ ಮೇಲೆ ಕೂತು, ಕೈಯೂರಿ, ಮೆಟ್ಟಿಲು ಮೆಟ್ಟಿಲೇ ಜಾರಿ ಇಳಿದಳು. ಸೀಹೋಮ್ ಕೂಸನ್ನೆತ್ತಿಕೊಂಡು ಹಿಂದೆ ಇಳಿದ. ಅವನು ಅತ್ತೆಯ ಮಾತು ಮೀರಿದ್ದು ಅದೇ ಮೊದಲು. ನಾನು ಮೀನು ಸಾಗಿಸುವ ಮೂರು ಚಕ್ರದ ಗಾಡಿ ಹೊರಡಿಸಿದೆ. ಅಕ್ಕ ಬೈಯುತ್ತಾ, ಎದೆ ಬಡಿದುಕೊಳ್ಳುತ್ತಾ, ಕಷಾಯದ ಕೆಟಲ್ ಹಿಡಿದು ಓಡಿಬಂದು ಹತ್ತಿ ಕೂತಳು.

ಆಸ್ಪತ್ರೆಯಲ್ಲಿ ವಿಲಾಯ್ ಕೂಸಿನ ತುಟಿ ನೋಡಿದವಳೇ ಒಳಗೆ ಓಡಿದಳು. ಡಾಕ್ಟರನ್ನು ಕರೆದಳು, ಕೂಸಿನ ತೊಡೆಗೆ ಹಳದಿ ಮದ್ದಿನ ಸೂಜಿ ಚುಚ್ಚಿದರು, ತೌಡಿನಲ್ಲಿರುವ ಸತ್ತ್ವವೇ ಅದರಲ್ಲಿತ್ತಂತೆ. ಅಕ್ಕ ಕಣ್ಣು ಮುಚ್ಚಿ ಪ್ರೇತತಾಯಿಯನ್ನು ಬೇಡಿಕೊಳ್ಳುತ್ತಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ತುಟಿಯ ನೀಲಿ ಬಿಟ್ಟಿತು, ಏದುಸಿರು ತಗ್ಗಿತು, ಕೂಸು ಎದೆ ಹುಡುಕಿತು. ಮಾಲಿವನ್‌ಗೂ ಅದೇ ಸೂಜಿ. ಮರುದಿನದಿಂದ ಅವಳು ನನ್ನ ಮೀನನ್ನು ಮುಳ್ಳು ಮಾತ್ರ ಉಳಿಯುವಂತೆ ತಿಂದಳು. ಆ ವಾರ ಮುಗಿಯುವ ಮೊದಲು ಕೂಸಿಗೆ ದನಿ ಬಂತು. ಗೊಗ್ಗರು ದನಿ, ಆದರೂ ಇಡೀ ವಾರ್ಡಿಗೆ ಕೇಳುವಂತೆ ಅತ್ತಿತು.

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ವರಾಂಡಕ್ಕೆ ಹೋಗಿ ಕೂತಳು. ವಿಲಾಯ್ ಹಾದುಹೋಗುವಾಗ ಅವಳ ಕೈ ಹಿಡಿದು ನಿಲ್ಲಿಸಿದಳು.

"ಮಗಳೇ, ನನ್ನ ನಾಲ್ಕೂ ಹೀಗೇ ಸುಮ್ಮನಾಗಿ ಸತ್ತಿದ್ವು, ದನಿ ಹೋಗಿತ್ತು ಅಂತ ಈಗ ಗೊತ್ತಾಯ್ತು. ಈ ಸೂಜಿ ಇದ್ದಿದ್ರೆ?"

ವಿಲಾಯ್ ಹೂಂ ಅಂದು ಹೋಗಿಬಿಡಬಹುದಿತ್ತು. ಅವಳು ಪಕ್ಕದಲ್ಲಿ ಕೂತಳು.

"ಹೀಗೇ ಹೋಗಿದ್ರೆ, ಸೂಜಿನೂ ಬೇಕಿರಲಿಲ್ಲ ಅಮ್ಮ. ನೀವು ಆಗ ಹೊಟ್ಟೆ ತುಂಬಾ ಮೀನು, ಕಾಳು ತಿಂದಿದ್ರೆ ಸಾಕಿತ್ತು."

ಅಕ್ಕ ತನ್ನ ಒಣಗಿದ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕೇವಿ, ಇದನ್ನ ಊರಲ್ಲಿ ಹೇಳ್ಬೇಡ."

"ನಾಚಿಕೇನಾ ಅಕ್ಕ?"

"ನಂಗಲ್ಲ. ನಮ್ಮೂರಲ್ಲಿ ಕೂಸು ಹೂಳದ ತಾಯಿ ಯಾರಿದಾಳೆ ಹೇಳು? ಪ್ರೇತತಾಯಿ ಕರ್ಕೊಂಡು ಹೋದ್ಲು ಅಂತ ಅಂದ್ಕೊಂಡು ಹೆಂಗೋ ಉಣ್ತಾರೆ, ಮಲಗ್ತಾರೆ. ನಮ್ಮ ಎದೆಹಾಲಿಂದ್ಲೇ ಹೋದ್ವು ಅಂತ ಗೊತ್ತಾದ್ರೆ ಆ ಮುದುಕಿಯರು ಹೇಗೆ ಬದುಕ್ತಾರೆ?"

ಅವಳ ಮಾತು ಸುಳ್ಳಲ್ಲ. ಆದರೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮೊನ್ನೆ ಒಂದು ಹುಡುಗಿ ಹೆತ್ತು ಮಂಚ ಹತ್ತಿದ್ದಾಳೆ, ಅವಳ ತಾಯಿ ಅಕ್ಕಿ ತೊಳೆಯುತ್ತಿದ್ದಾಳೆ. ಆದ್ದರಿಂದ ಹೇಳುತ್ತಿದ್ದೇನೆ. ನಾಳೆ ಬೆಳಗ್ಗೆ ಅಲ್ಲಿಗೆ ಹೋಗಿ, ಆ ತಾಯಿಯ ಎದುರೇ ಹೇಳುತ್ತೇನೆ.